ಅಳಿಯನ ಎಣ್ಣೆನೀರು ಮತ್ತು ನನ್ನ ನೌಕರಿ

ಮಕ್ಕಳಿಗೆ ಆಟ ಕಲಿಸುವ ಗುರುವಿಗೆ ದೇಹದಾರ್ಢ್ಯ ಬೇಕು, ಧೈರ್ಯ ಬೇಕು, ಸೋಲು ಗೆಲುವುಗಳನ್ನು ಒಂದೇ ಸಮನಾಗಿ ಕಾಣುವ ಸ್ಥಿತಪ್ರಜ್ಞತೆ ಬೇಕು ಎಂದು ತಿಳಿದವರು ಹೇಳುತ್ತಾರೆ. ನನ್ನಲ್ಲಿ ಇದ್ದದ್ದು ಒಂದು ಜೊತೆ ಕ್ಯಾನ್ವಾಸ್ ಷೂ.

ಅದೂ ಸ್ವಯಾರ್ಜಿತವಲ್ಲ. ಮದುವೆಯಲ್ಲಿ ಮಾವನವರು ಕೊಟ್ಟದ್ದು. ಒಂದು ಅಂಗುಲ ದೊಡ್ಡದಾಗಿತ್ತು, ಮುಂದಕ್ಕೆ ಹತ್ತಿ ತುರುಕಿ ಹಾಕಿಕೊಳ್ಳುತ್ತಿದ್ದೆ. ಕನ್ನಂಬಾಡಿ ಕಟ್ಟೆ ಮುಗಿದು ನಾಲ್ಕಾರು ವರ್ಷ ಕಳೆದಿದ್ದ ಕಾಲ. ಕೃಷ್ಣರಾಜಪೇಟೆಯ ನಮ್ಮ ಹೈಸ್ಕೂಲಿನಲ್ಲಿ ನಾನು ಭೂಗೋಳದ ಹಂಗಾಮಿ ಮೇಷ್ಟ್ರಾಗಿದ್ದೆ. ಯುದ್ಧಕ್ಕೆ ಹೋಗಿ ಬಂದಿದ್ದ ನಮ್ಮ ಹಳೆಯ ಡ್ರಿಲ್ ಮೇಷ್ಟ್ರು ಒಂದು ಸೋಮವಾರ ಬೆಳಿಗ್ಗೆ, ಮಂಡ್ಯದ ಕಡೆ ಎಲ್ಲೋ ಕಾವಲಿನ ಕೆಲಸ ಸಿಕ್ಕಿತೆಂದು, ಪ್ರಾರ್ಥನೆಯ ಸಾಲನ್ನು ಅಟೆನ್ಷನ್‌ನಲ್ಲಿ ನಿಲ್ಲಿಸಿ ಹಾಗೆಯೇ ಹೊರಟುಹೋದರು. ಬಿಡುಗಡೆ ಹೇಳುವವರಿಲ್ಲದೆ ಹುಡುಗರು ಮೊದಲನೆಯ ಗಂಟೆ ಹೊಡೆಯುವವರೆಗೂ ಕಂಬಗಳಂತೆ ನಿಂತಿದ್ದರು. ಅಂಥ ಶಿಸ್ತನ್ನು ನಾನು ಮತ್ತೆಂದೂ ನೋಡಲಿಲ್ಲ. ನನ್ನ ಕಾಲದಲ್ಲಂತೂ ಇಲ್ಲವೇ ಇಲ್ಲ.

ಆ ಮಧ್ಯಾಹ್ನ ಹೆಡ್ಮೇಷ್ಟ್ರು ನಮ್ಮನ್ನೆಲ್ಲ ಕರೆಸಿ, ಮಾತಿಗೆ ಮೊದಲು ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿದರು. ಕೆಲವರದು ಬರಿಗಾಲು, ಕೆಲವರದು ಮೆಟ್ಟು. ಸಂಸ್ಕೃತದ ಪಂಡಿತರು ಕಾಲನ್ನು ಕುರ್ಚಿಯ ಮೇಲೆಯೇ ಮಡಚಿಟ್ಟುಕೊಂಡಿದ್ದರು.

"ನಿಮಗೆ ಷೂ ಇದೆಯಲ್ಲ," ಎಂದರು ನನ್ನ ಕಡೆ ತಿರುಗಿ. "ಡ್ರಿಲ್ಲೂ ಆಟಗಳೂ ಇನ್ನು ನಿಮ್ಮವು."

"ನನಗೆ ಓಡೋಕೆ ಬರೋದಿಲ್ಲ ಸಾರ್."

"ನೀವ್ಯಾಕೆ ಓಡ್ತೀರಿ? ಓಡಿಸಿ."

ಹೀಗೆ ನನ್ನ ದೀಕ್ಷೆಯಾಯಿತು. ಪೂರ್ವಿಕರು ಬಿಟ್ಟುಹೋಗಿದ್ದ ವಿಷಲನ್ನು ಮೂರು ಸಲ ತೊಳೆದು ಕೊರಳಿಗೆ ಹಾಕಿಕೊಂಡೆ.

ಮುಂದಿನ ವರ್ಷ ಜೂನ್ ಕಳೆದ ಮೇಲೆ ಹೆಡ್ಮೇಷ್ಟ್ರು ಮತ್ತೆ ಕರೆದರು. ಈ ಸಲ ಮೇಜಿನ ಕೆಳಗೆ ನೋಡಲಿಲ್ಲ. ಮೇಲಿನಿಂದ ಕಾಗದ ಬಂದಿತ್ತು. ಖರ್ಚು ಇಳಿಸಬೇಕು, ಬೇಡದ ಹುದ್ದೆಗಳ ಪಟ್ಟಿ ಕಳಿಸಿ ಎಂದು. ಭೂಗೋಳವನ್ನು ಅಷ್ಟರಲ್ಲಿ ಚರಿತ್ರೆಯವರು ಬಗಲಿಗೆ ಹಾಕಿಕೊಂಡಿದ್ದರು, ನನಗೆ ಹಿಂದಕ್ಕೆ ಹೋಗಲು ಜಾಗವಿರಲಿಲ್ಲ.

"ನೋಡಿ, ಮುಚ್ಚುಮರೆ ಬೇಡ," ಎಂದರು. "ನಾಲ್ಕು ತಾಲ್ಲೂಕಿನ ಚಡುಗುಡು ಪಂದ್ಯದ ಕಪ್ಪು ಈ ಸಲ ನಮ್ಮ ಶಾಲೆಗೆ ಬಂದರೆ, ಇಂಥ ಹುದ್ದೆ ತೆಗೆಯಬೇಡಿ ಅಂತ ನಾನು ಬರೀಬಹುದು. ಬರದೇ ಇದ್ರೆ ಬರೆಯೋಕೆ ನನ್ನ ಹತ್ರ ಏನೂ ಇರೋದಿಲ್ಲ."

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಪಡಬಹುದಿತ್ತು.

ನೌಕರಿ ಹೋದರೆ ನಾವು ಹೋಗಬೇಕಾದದ್ದು ಹಿರೋಡೆಗೆ. ಸರ್ಕಾರಿ ಕಾಗದಗಳಲ್ಲಿ ಅದು ಫ್ರೆಂಚ್ ರಾಕ್ಸ್, ಈಗಿನವರಿಗೆ ಪಾಂಡವಪುರ. ಹೆಸರು ಯಾವುದಾದರೂ ಅಲ್ಲಿದ್ದದ್ದು ನನ್ನಣ್ಣನ ಮನೆ. ಮದುವೆಯಾದ ಮೇಲೆ ಎರಡು ವರ್ಷ ನಾನೂ ನನ್ನ ಹೆಂಡತಿಯೂ ಆ ಮನೆಯ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆವು. ಅಣ್ಣ ಒಂದು ದಿನವೂ ಒಂದು ಮಾತೂ ಅಂದವನಲ್ಲ. ಬೆಳಗಿನ ಜಾವ ಹೊರಗೆ ಹೋಗುವಾಗ ನಮ್ಮನ್ನು ದಾಟಿಕೊಂಡು ಹೋಗಬೇಕಾಗುತ್ತಿತ್ತು. ದಾಟುವ ಮೊದಲು ಒಂದು ಉಸಿರು ಬಿಡುತ್ತಿದ್ದ, ಅಷ್ಟೆ. ಆ ಉಸಿರು ಕೇಳಿಸಿದ ಕೂಡಲೇ ನನ್ನ ಹೆಂಡತಿ ಎದ್ದು ಕೂರುತ್ತಿದ್ದಳು. ಎರಡು ವರ್ಷ, ದಿನವೂ.

ಸುದ್ದಿ ಹೇಳಿದಾಗ ಅವಳು ಅಳಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, "ಆ ಹಜಾರಕ್ಕೆ ಇನ್ನೊಂದು ಸಲ ನಾನು ಬರೋದಿಲ್ಲ ಅಂದ್ರೆ?" ಎಂದಳು. ಆಮೇಲೆ ತಾನೇ, "ಬರ್ತೀನಿ, ಇನ್ನೇನು ಮಾಡ್ಲಿ," ಎಂದಳು. ಮತ್ತೆ ಮೊರ ತೆಗೆದುಕೊಂಡಳು.

ನನ್ನ ಕ್ರೀಡಾಸಕ್ತಿ ಹುಟ್ಟಿದ್ದು ಆ ಸಂಜೆ.

ಈಗ ಕಬಡ್ಡಿ ಎನ್ನುತ್ತಾರೆ, ಆಗ ಚಡುಗುಡು. ಉಸಿರು ಬಿಗಿಹಿಡಿದು ಚಡುಗುಡು ಚಡುಗುಡು ಎನ್ನುತ್ತ ಒಬ್ಬ ಎದುರಾಳಿಗಳ ಅಂಕಣಕ್ಕೆ ನುಗ್ಗಬೇಕು. ಯಾರನ್ನಾದರೂ ಮುಟ್ಟಿ ನಡುಗೆರೆಗೆ ವಾಪಸು ಬಂದರೆ ಗೆಲುವು ಅವನದು. ಅಷ್ಟರಲ್ಲಿ ಉಸಿರು ಮುರಿಯುವಂತೆ ಅವನನ್ನು ಹಿಡಿದು ಕೆಡವಿದರೆ ಗೆಲುವು ಇವರದು. ಭೂಗೋಳಕ್ಕೆ ಹೋಲಿಸಿದರೆ ಬಹಳ ಸರಳ. ನಿಯಮದ ಪುಸ್ತಕ ತರಿಸಿ ಬಾಯಿಪಾಠ ಮಾಡಿದೆ. ಉಗುರು ಬಿಡಕೂಡದು, ಮೈಗೆ ಎಣ್ಣೆ ಹಚ್ಚಿಕೊಂಡು ಬರಕೂಡದು, ಬಾಯಿ ಮುಚ್ಚಿ ಹಿಡಿಯಕೂಡದು ಎಂದೆಲ್ಲ ಹುಡುಗರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎಣ್ಣೆಯ ವಿಷಯವನ್ನು ಎರಡು ಸಲ ಓದಿದ್ದು ನನಗೆ ಚೆನ್ನಾಗಿ ನೆನಪಿದೆ. ಬೇರೆ ಯಾರಿಗೂ ನೆನಪಿಲ್ಲದಿರಲಿ.

ತಂಡದಲ್ಲಿ ಒಬ್ಬ ರತ್ನವಿದ್ದ. ಬೂಕನಕೆರೆಯ ಒಕ್ಕಲು ಮನೆಯವನು, ಐದನೆಯ ಫಾರಂ, ಹದಿನೆಂಟು ವರ್ಷ. ತಂದೆ ಇಲ್ಲ. ತಾಯಿ ಗದ್ದೆ ನೋಡಿಕೊಂಡು ಓದಿಸುತ್ತಿದ್ದಳು. ಮಾತು ಕಡಿಮೆ, ಲೆಕ್ಕ ಅದಕ್ಕಿಂತ ಕಡಿಮೆ. ಆದರೆ ಚಿಕ್ಕಂದಿನಿಂದ ಮೇಕೆಗಳ ಹಿಂಗಾಲು ಹಿಡಿದು ಬೆಳೆದ ಕೈ. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಂತೆ ನಿಂತಿರುತ್ತಿದ್ದ. ಎದುರಾಳಿ ತಿರುಗಿದ ಕ್ಷಣ ಕೈ ಹಾವಿನಂತೆ ಹೋಗಿ ಅವನ ಪಾದದ ಗಂಟು ಹಿಡಿಯುತ್ತಿತ್ತು. ಹಿಡಿದದ್ದು ಬಿಟ್ಟ ಉದಾಹರಣೆ ಇರಲಿಲ್ಲ.

ಮೊದಲ ತಿಂಗಳು ಇವನದೂ ಇಡೀ ತಂಡದ್ದೂ ಒಂದು ರೋಗ. ಆಟದ ಮಧ್ಯೆ ಒಬ್ಬನ ಕಾಲು ಇನ್ನೊಬ್ಬನಿಗೆ ತಗುಲಿದರೆ, ಅಥವಾ ಒಬ್ಬನ ಕೈ ತನಗಿಂತ ದೊಡ್ಡವನ ಪಾದಕ್ಕೆ ತಗುಲಿದರೆ, ಕೂಡಲೇ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು. ಮನೆಯಲ್ಲಿ ಕಲಿತದ್ದು, ಒಳ್ಳೆಯದೇ. ಆದರೆ ಹಿಡಿದವನು ಕಣ್ಣಿಗೊತ್ತಿಕೊಳ್ಳುವುದರೊಳಗೆ ಸಿಕ್ಕಿದವನು ಗೆರೆ ದಾಟಿ ಮೂಗು ಒರೆಸಿಕೊಳ್ಳುತ್ತಿದ್ದ. "ಅಂಕಣದ ಒಳಗೆ ನಮಸ್ಕಾರ ಇಲ್ಲ," ಎಂದು ಆಜ್ಞೆ ಹೊರಡಿಸಿದೆ. ಯಾರಾದರೂ ಕಣ್ಣಿಗೊತ್ತಿಕೊಂಡರೆ ಮೈದಾನ ಮೂರು ಸುತ್ತು. ನಾನು "ಕಾಲು!" ಎಂದು ಕೂಗಿದರೆ ಮನಸ್ಸಿಗಿಂತ ಮೊದಲು ಕೈ ಹೋಗಬೇಕು. ಎಂಟು ತಿಂಗಳು ಇದೊಂದೇ ಪಾಠ. ಕೊನೆಕೊನೆಗೆ ಪಾಠಶಾಲೆಯ ಜಗಲಿಯಲ್ಲಿ ನಾನು ಯಾರಿಗೋ "ಕುರ್ಚಿಯ ಕಾಲು ಮುರಿದಿದೆ" ಎಂದರೂ ಬೂಕನಕೆರೆಯವನ ಬಲಗೈ ಮಿಡುಕುತ್ತಿತ್ತು. ರೋಗ ವಾಸಿಯಾಯಿತೆಂದು ಬಗೆದೆ.

ಮೊದಲ ಪಂದ್ಯ ಶ್ರೀರಂಗಪಟ್ಟಣದಲ್ಲಿ, ದೂರದಲ್ಲಿ ಕರಿಘಟ್ಟ ಕಾಣುವ ಒಂದು ಬಯಲಲ್ಲಿ. ಗೆದ್ದೆವು. ಎರಡನೆಯದು ಹಿರೋಡೆಯಲ್ಲಿ. ಅಣ್ಣ ಕೊಡೆ ಹಿಡಿದು ನೋಡಲು ಬಂದಿದ್ದ. ಅಲ್ಲೂ ಗೆದ್ದೆವು. ಅವನು ಹತ್ತಿರ ಬಂದು, "ಹಾಗಾದ್ರೆ ಕೆಲಸ ಉಳಿಯುತ್ತೆ ಅನ್ನು," ಎಂದ. ಅವನ ಮುಖದಲ್ಲಿ ಕಂಡ ಸಂತೋಷ ನಿಷ್ಕಪಟವಾದದ್ದು. ನಮ್ಮಿಬ್ಬರ ಆಸೆಯೂ ಒಂದೇ ಎಂದು ಅಂದು ತಿಳಿಯಿತು.

ಉಳಿದದ್ದು ನಾಗಮಂಗಲ. ಪಂದ್ಯ ನಮ್ಮ ಮೈದಾನದಲ್ಲೇ, ಹೊಸಹೊಳಲಿನ ರಸ್ತೆಯ ಪಕ್ಕದಲ್ಲಿ. ಇನ್ನು ಹತ್ತು ದಿನ ಇದೆ ಎನ್ನುವಾಗ, ತಾಲೀಮು ಮುಗಿದ ಮೇಲೆ ನನ್ನ ರತ್ನ ಹಿಂದೆ ಉಳಿದ. ಹೆಬ್ಬೆರಳಿನಲ್ಲಿ ನೆಲ ಕೆರೆಯುತ್ತ ನಿಂತ.

"ಸಾ, ಆ ಪಂದ್ಯುಕ್ಕೆ ನನ್ನ ಬುಟ್ಬುಡಿ ಸಾ."

"ಯಾಕೋ? ಹುಷಾರಿಲ್ವೇನೋ?"

"ಉಸಾರಾಗಿವ್ನಿ. ಅಲ್ಲಿ ನಮ್ ಬಾವ ಆಡ್ತಾವ್ರೆ."

"ಯಾವ ಭಾವ?"

"ನಮ್ಮಕ್ಕುನ್ ಗಂಡ ಸಾ. ಉದ್ದುಕ್ಕವ್ರಲ್ಲ, ಅವ್ರೇಯ."

ಆ ಉದ್ದನೆಯವನನ್ನು ಯಾರು ಬಲ್ಲರೋ ಇಲ್ಲವೋ, ನಾನು ಬಲ್ಲೆ. ನಾಗಮಂಗಲದ ನಾಯಕ. ವಯಸ್ಸು ಇಪ್ಪತ್ತು ದಾಟಿತ್ತು, ಆರನೆಯ ಫಾರಂನಲ್ಲಿ ಮೂರನೆಯ ಸಲ ಕೂತಿದ್ದ. ಅವನ ಉಸಿರು ಕೆರೆಯ ತೂಬಿನಷ್ಟು ಉದ್ದ. ಅವನನ್ನು ಹಿಡಿದರೆ ಕಪ್ಪು ನಮ್ಮದು, ಬಿಟ್ಟರೆ ಅವರದು. ಅವನನ್ನು ಹಿಡಿಯಬಲ್ಲ ಕೈ ನಾಲ್ಕು ತಾಲ್ಲೂಕಿನಲ್ಲಿ ಒಂದೇ, ಅದು ನನ್ನ ಮುಂದೆ ನೆಲ ನೋಡುತ್ತ ನಿಂತಿತ್ತು.

"ಆಟದಲ್ಲಿ ಭಾವ ಏನೋ, ಭಾಮೈದ ಏನೋ!"

"ಬಾವುನ್ ಕಾಲ್ ಇಡ್ದು ಎಳ್ದು ಕೆಡುವಕ್ಕಾಯ್ತದಾ ಸಾ? ನಮ್ಮವ್ವ ಮನೇಗ್ ಸೇರ್ಸಾಕಿಲ್ಲ."

ಮಾರನೆಯ ದಿನ ಭಾನುವಾರ. ಹತ್ತಿ ತುರುಕಿದ ಷೂ ಹಾಕಿಕೊಂಡು ಆರು ಮೈಲಿ ನಡೆದು ಬೂಕನಕೆರೆಗೆ ಹೋದೆ. ಒಬ್ಬ ಆಟದ ಮೇಷ್ಟ್ರು ವಿದ್ಯಾರ್ಥಿಯ ಮನೆಗೆ ಹೋಗುವುದು ಉತ್ತಮ ಲಕ್ಷಣ ಎಂದು ಈಗಿನ ಪುಸ್ತಕಗಳು ಹೇಳುತ್ತವೆ. ಎಂಟು ತಿಂಗಳಲ್ಲಿ ನಾನು ಹೋದದ್ದು ಅದೇ ಮೊದಲು. ನನಗೆ ಬೇಕಾದಾಗ ಹೋದೆ.

ತಾಯಿ ಜಗಲಿಗೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಕಂಬಕ್ಕೆ ಒರಗಿ ನಿಂತು ಎಲ್ಲ ಕೇಳಿದಳು.

"ಆಟ ನಂಗೆ ತಿಳಿಯಾಕಿಲ್ಲ ಮೇಷ್ಟ್ರೇ. ನನ್ ಅಳೀನ್ನ ಊರ್ ಜನದ್ ಮುಂದೆ ಕಾಲಿಡ್ದು ದರದರ ಎಳ್ದು ಮಣ್ಗೆ ಕೆಡವಾದು ಅಂದ್ರೆ ಅದು ಆಟವಾ?"

"ಆಟವೇ ತಾಯಿ. ಅದಕ್ಕೆ ಕಪ್ಪು ಕೊಡ್ತಾರೆ."

"ಯಾರ್ಗ್ ಕೊಟ್ಟಾರು?"

"ಶಾಲೆಗೆ."

"ನನ್ ಮಗ್ಳಿಗೇನ್ ಕೊಟ್ಟಾರು?"

ಕಾರಣವನ್ನು ಅವಳೇ ಬಿಡಿಸಿ ಹೇಳಿದಳು. ಮಗಳಿಗೆ ಆಗ ಚೊಚ್ಚಲು, ಆರು ತಿಂಗಳು ತುಂಬಿತ್ತು. ಇನ್ನೊಂದು ತಿಂಗಳಲ್ಲಿ ಬಾಣಂತನಕ್ಕೆ ಕರೆತರಬೇಕು. ಅಳಿಯನಿಗೆ ಮುಖ ಸಣ್ಣದಾಗುವಂಥದ್ದು ಏನಾದರೂ ನಡೆದರೆ ಆ ಮನೆಯವರು ಕಳಿಸುವುದಿಲ್ಲ. "ಅಲ್ಲೇ ಆಗ್ಲಿ ಅಂದ್ಬುಡ್ತಾರೆ. ಅಲ್ಲಿ ಅತ್ತೆ ಇಲ್ಲ, ಮಾವ ಒಬ್ರೇಯ. ಮಗೀನ್ನ ಯಾರ್ ನೋಡಾರು, ಬಾಣ್ತೀನ್ನ ಯಾರ್ ನೋಡಾರು?"

ನಾನು ಆಗ ಮಾಡಬಾರದ್ದು ಮಾಡಿದೆ. ನನ್ನ ಕಥೆ ಹೇಳಿಕೊಂಡೆ. ಹುದ್ದೆಯ ಪಟ್ಟಿ, ಹಿರೋಡೆ, ಹಜಾರ, ಚಾಪೆ, ಅಣ್ಣನ ಉಸಿರು, ಎಲ್ಲವನ್ನೂ. ಮಜ್ಜಿಗೆಯ ಲೋಟ ಕೈಯಲ್ಲಿ ಹಿಡಿದುಕೊಂಡೇ. ಆ ಹೆಂಗಸು ನನ್ನ ಕೈಯಿಂದ ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟಳು.

"ಸೊಂಟ ಇಡ್ಕಳ್ಳಿ," ಎಂದಳು ಕೊನೆಗೆ. "ತಬ್ಕಳ್ಳಿ. ಬಾವ ಬಾಮೈದ ತಬ್ಕಂಡ್ರೆ ಯಾರೂ ಏನೂ ಅನ್ನಾಕಿಲ್ಲ. ಕಾಲ್ ಮಾತ್ರ ಬ್ಯಾಡಿ. ಕಾಲಿಡಿ ಅಂತ ನೀವು ಅವನ್ಗೆ ಏಳ್ಬಾರ್ದು. ನೀವೇಳುದ್ರೆ ಇಡ್ದ್ಬುಡ್ತಾನೆ, ನಂಗೊತ್ತು. ಮಾತ್ ಕೊಡಿ."

ಕೊಟ್ಟೆ.

ಅಲ್ಲಿಗೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಅವಳು ಮುಂದುವರಿದು, "ಅಳಿಯ ಪಂದ್ಯುದ್ ಇಂದಿನ್ ದಿಸ್ವೇ ಇಲ್ಗೆ ಬಂದು ಉಳ್ಕಂಡು, ಇಲ್ಲಿಂದ್ಲೇ ಪ್ಯಾಟೆಗ್ ಬತ್ತಾರಂತೆ. ಒಬ್ಬಟ್ ಮಾಡ್ಬೇಕು," ಎಂದಳು. ಸೊಂಟ ಹಿಡಿದು ಅವನನ್ನು ನಿಲ್ಲಿಸುವುದು ಸಾಧ್ಯವೇ ಎಂದು ಚಿಂತಿಸುತ್ತಿದ್ದ ನನ್ನ ತಲೆಯಲ್ಲಿ ಒಂದು ದೀಪ ಹತ್ತಿತು. ಹರಳೆಣ್ಣೆ ತಿಕ್ಕಿಸಿಕೊಂಡು, ಹಂಡೆಯ ಸುಡುನೀರು ಹೊಯ್ಯಿಸಿಕೊಂಡು, ಮೇಲೆ ಒಬ್ಬಟ್ಟು ತುಪ್ಪ ತಿಂದ ಮನುಷ್ಯ ಸಂಜೆಯವರೆಗೆ ರೆಪ್ಪೆ ಎತ್ತಲಾರ. ಇದು ನಮ್ಮ ಸೀಮೆಯ ಪ್ರತಿಯೊಬ್ಬನೂ ಸ್ವಂತ ಅನುಭವದಿಂದ ಬಲ್ಲ ಸತ್ಯ.

"ಬರೀ ಒಬ್ಬಟ್ಟೇನು ತಾಯಿ? ಅಳಿಯಂದಿರಿಗೆ ಎಣ್ಣೆನೀರು ಬೇಡವೇ?"

"ಅಬ್ಬ ಅಲ್ವಲ್ಲ ಮೇಷ್ಟ್ರೇ."

"ಅಳಿಯ ಬಂದ ದಿನವೇ ಹಬ್ಬ. ಬೆಳಿಗ್ಗೆ ಚೆನ್ನಾಗಿ ಒಂದು ಎಣ್ಣೆನೀರು ಹಾಕಿಸಿ. ನಿಮ್ಮ ಮಗನೇ ಎಣ್ಣೆ ತಿಕ್ಕಲಿ, ಭಾವನಿಗೂ ಸಂತೋಷವಾಗುತ್ತೆ. ಎಣ್ಣೆಯಲ್ಲಿ ಕೈ ಹಿಡೀಬೇಡ ಅಂತ ಅವನಿಗೆ ನಾನೂ ಹೇಳ್ತೀನಿ."

ಅವಳ ಮುಖ ಅರಳಿತು. ಪೇಟೆಯಲ್ಲಿ ಓದಿದವನಿಗೂ ನೆಂಟರ ಮರ್ಯಾದೆ ಗೊತ್ತಿದೆಯಲ್ಲ ಎಂದು ಸಂತೋಷಪಟ್ಟಳು. ನಾನು ಆರು ಮೈಲಿಯನ್ನು ಹಾರಿಕೊಂಡು ಬಂದೆ. ಉಳಿದ ದಿನಗಳಲ್ಲಿ ಹುಡುಗನಿಗೆ ಸೊಂಟ ಹಿಡಿಯುವುದೊಂದನ್ನೇ ಕಲಿಸಿದೆ. ಕಂಬ ತಬ್ಬಿಸಿದೆ, ರಾಗಿ ಮೂಟೆ ತಬ್ಬಿಸಿದೆ, ಕೊನೆಗೆ ಸಂಸ್ಕೃತದ ಪಂಡಿತರನ್ನು ಬಿಟ್ಟು ಉಳಿದ ಎಲ್ಲರನ್ನೂ ತಬ್ಬಿಸಿದೆ.

ಪಂದ್ಯದ ದಿನ ನಾಲ್ಕು ಗಂಟೆಗೆ ಅಮಲ್ದಾರರು ಬಂದು ಕುರ್ಚಿಯಲ್ಲಿ ಕೂತರು. ಹೆಡ್ಮೇಷ್ಟ್ರು ಅವರ ಪಕ್ಕದಲ್ಲಿ. ಸುತ್ತ ಜನವೋ ಜನ. ನನ್ನ ಹೆಂಡತಿ ಶಾಲೆಯ ಜಗಲಿಯ ಮೇಲೆ ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ಆಟವನ್ನು ಅವಳು ಅದಕ್ಕೆ ಮೊದಲು ನೋಡಿದವಳಲ್ಲ. ಬೂಕನಕೆರೆಯ ಗಾಡಿ ಬಂತು. ಅಳಿಯ ಇಳಿದ. ಹುಡುಗನ ಬಾಯಿಂದ ತಿಳಿಯಿತು: ಒಬ್ಬಟ್ಟು ಒಂಬತ್ತು ತಿಂದಿದ್ದ, ಗಾಡಿಯಲ್ಲಿ ಮಲಗಿಯೂ ಇದ್ದ. ಆದರೆ ರಸ್ತೆಗೆ ಆ ವಾರವೇ ಹೊಸ ಜಲ್ಲಿ ಹರಡಿದ್ದರು. ಆರು ಮೈಲಿಯೂ ಗಾಡಿ ಅವನನ್ನು ಎತ್ತೆತ್ತಿ ಹಾಕಿ, ಮುಟ್ಟಿದರೆ ಪುಟಿಯುವಷ್ಟು ಎಚ್ಚರವಾಗಿ ತಂದು ಇಳಿಸಿತ್ತು.

ಅವನು ಅಂಗಿ ಬಿಚ್ಚಿ, ಪಂಚೆಯನ್ನು ಕಚ್ಚೆ ಬಿಗಿದು ನಿಂತ. ಇಳಿಬಿಸಿಲಿನಲ್ಲಿ ಅವನ ಮೈ ಹೊಸಹೊಳಲಿನ ಗುಡಿಯ ನಯಗಲ್ಲಿನಂತೆ ಫಳಫಳ ಹೊಳೆಯಿತು.

ನನ್ನ ಹುಡುಗನನ್ನು ಪಕ್ಕಕ್ಕೆ ಎಳೆದುಕೊಂಡೆ.

"ಲೋ, ಸೀಗೆಕಾಯಿ ಹಾಕಿ ಉಜ್ಜಲಿಲ್ವೇನೋ?"

"ಆಕ್ದೋ ಸಾ. ಕಣ್ಗೋಯ್ತು ಅಂತ ಬಾವ ಎದ್ಬುಟ್ರು. ಅಳೀನ್ನ ಕುಂತ್ಕಳಿ ಅನ್ನಕ್ಕಾಯ್ತದಾ?" ತನ್ನ ಕೆಲಸ ಚೆನ್ನಾಗಿಯೇ ಮಾಡಿದ್ದೇನೆ ಎಂಬ ಧೈರ್ಯದಿಂದ ಸೇರಿಸಿದ: "ನೀವೇಳ್ದಂಗೆ ಕೈ ಇಡೀನಿಲ್ಲ ಸಾ. ಒಂದ್ ಸೇರ್ ಇಳಿಸ್ದೆ."

ಆಟ ಶುರುವಾಯಿತು. ಭಾವ ನುಗ್ಗಿದ, ಇಬ್ಬರನ್ನು ಮುಟ್ಟಿದ. ನನ್ನ ಹುಡುಗ ಹಾರಿ ಸೊಂಟವನ್ನು ತಬ್ಬಿದ, ಕಂಬವಾಗಿದ್ದರೆ ಕಿತ್ತು ಬರುತ್ತಿತ್ತು. ಭಾವ ಆ ತೋಳುಗಳ ನಡುವಿನಿಂದ ಬಾಳೆಯ ಸುಳಿಯಂತೆ ಜಾರಿ ಮೇಲೆದ್ದು ಹೊರಟುಹೋದ. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲ ನಾಲ್ವರು ಒಟ್ಟಿಗೆ ಬಿದ್ದರು. ನಾಲ್ವರೂ ಒಬ್ಬರನ್ನೊಬ್ಬರು ಭದ್ರವಾಗಿ ಹಿಡಿದುಕೊಂಡಿದ್ದರು, ಅವನು ಮಾತ್ರ ಇರಲಿಲ್ಲ. ಜನ ನಕ್ಕು ನಕ್ಕು ಕೆಮ್ಮಿದರು. "ಲೇ, ಬೂದಿ ಬಳ್ಕೊಂಡ್ ಇಡ್ಕಳ್ರಲಾ, ಮೀನ್ ಇಡ್ಯಾಕಿಲ್ವಾ!" ಎಂದು ಯಾರೋ ಕೂಗಿದ.

ಅರ್ಧ ಆಟ ಮುಗಿದಾಗ ನಾನು ತಡೆಯಲಾರದೆ ಅಂಪೈರರ ಹತ್ತಿರ ಹೋದೆ. ಅವರು ರೇಷ್ಮೆ ಇಲಾಖೆಯ ಒಬ್ಬ ನಿಧಾನಸ್ಥರು. "ಎಣ್ಣೆ ಹಚ್ಚಿಕೊಂಡು ಬರಕೂಡದು, ನಿಯಮವಿದೆ," ಎಂದು ಪುಸ್ತಕ ತೆರೆದು ತೋರಿಸಿದೆ. ನಾಗಮಂಗಲದ ಆಟದ ಮೇಷ್ಟ್ರು ಕುಂಟುತ್ತ ಬಂದರು. ವಯಸ್ಸಾದವರು, ಒಂದು ಮೊಣಕಾಲು ಬಗ್ಗುತ್ತಿರಲಿಲ್ಲ, ಕಾಲಿಗೆ ಷೂ ಇರಲಿಲ್ಲ. "ನಮ್ಮ ಹುಡುಗ ನಮ್ಮ ಜೊತೆ ಬರಲಿಲ್ಲ ಸ್ವಾಮಿ. ನಿಮ್ಮ ಊರ ಕಡೆಯಿಂದ ಬಂದ. ಎಣ್ಣೆ ಯಾರು ಹಚ್ಚಿದ್ದು, ಅದನ್ನ ಮೊದಲು ಕೇಳಿ," ಎಂದರು ಮೆಲ್ಲಗೆ.

"ನಾನೇ ಸಾ ತಿಕ್ಕಿದ್ದು," ಎಂದ ನನ್ನ ರತ್ನ. ಸುಳ್ಳು ಅವನಿಗೆ ಬರುತ್ತಿರಲಿಲ್ಲ, ಅದನ್ನು ನಾನು ಕಲಿಸಿರಲಿಲ್ಲ. "ನಮ್ ಮೇಷ್ಟ್ರು ಏಳುದ್ರು."

ಅಮಲ್ದಾರರು ನಗು ತಡೆಯಲು ಕರವಸ್ತ್ರ ತೆಗೆದರು. ಹೆಡ್ಮೇಷ್ಟ್ರು ನಗಲಿಲ್ಲ. ಅಂಪೈರರು ಬಹಳ ಯೋಚಿಸಿ, ಆಟಗಾರನ ಮೈಗೆ ಒಣಮಣ್ಣು ಬಳಿಯತಕ್ಕದ್ದು ಎಂದು ತೀರ್ಪು ಕೊಟ್ಟರು. ಬಳಿದರು. ಎಣ್ಣೆಯೂ ಮಣ್ಣೂ ಬೆವರೂ ಸೇರಿ ಕುಂಬಾರನ ತಿಗರಿಯ ಮೇಲಿನ ಮಣ್ಣಿನ ಹದಕ್ಕೆ ಬಂತು. ಮೊದಲಿಗಿಂತ ಇನ್ನೂ ಚೆನ್ನಾಗಿ ಜಾರಿದ.

ಆದರೂ ನಮ್ಮ ಹುಡುಗರು ಬಿಡಲಿಲ್ಲ. ಅತ್ತ ನುಗ್ಗಿ ನುಗ್ಗಿ ತಂದ ಪಾಯಿಂಟುಗಳಿಂದ ಕೊನೆಯ ನಿಮಿಷಕ್ಕೆ ಸರಿಸಮ ಮಾಡಿದರು. ಉಳಿದದ್ದು ಒಂದೇ ಸರದಿ, ಅದು ಅವರದು. ಆ ಕುಂಟು ಮೇಷ್ಟ್ರು ಗೆರೆಯ ಆಚೆ ತಮ್ಮ ಹುಡುಗರನ್ನು ಒಂದು ಸಲ ನೋಡಿದರು. ಆಮೇಲೆ ನಮ್ಮ ಮೂಲೆಯಲ್ಲಿ ಕುಕ್ಕರಿಸಿ ನಿಂತವನನ್ನು ನೋಡಿದರು. "ನೀನು ಹೋಗಪ್ಪ," ಎಂದು ಅಳಿಯನ ಬೆನ್ನು ತಟ್ಟಿದರು.

ಅವನು ಬಂದ. ಚಡುಗುಡು ಚಡುಗುಡು ಚಡುಗುಡು. ನಮ್ಮವನೊಬ್ಬನ ಹೆಗಲು ಮುಟ್ಟಿ ತಿರುಗಿದ. ಮೂಲೆಯಿಂದ ನನ್ನ ಹುಡುಗ ಹಾರಿ ಸೊಂಟ ತಬ್ಬಿದ, ಜಾರಿದ, ಬೋರಲು ಬಿದ್ದ. ಉಳಿದವರೂ ಬಿದ್ದರು, ಜಾರಿದರು, ಆದರೂ ಅಷ್ಟು ಜನರ ತೂಕಕ್ಕೆ ಭಾವ ಒಂದು ಕ್ಷಣ ತಡವರಿಸಿದ. ಉಸಿರು ಸಣ್ಣದಾಗಿತ್ತು, ಚಡುಗುಡು ಪಿಸುಮಾತಾಗಿತ್ತು. ಗೆರೆ ಒಂದು ಹೆಜ್ಜೆ ದೂರ. ಅವನ ಬಲಪಾದ, ಬೋರಲು ಬಿದ್ದಿದ್ದ ನನ್ನ ಹುಡುಗನ ಮೂಗಿನ ಮುಂದೆ, ಒಂದು ಗೇಣಿನಲ್ಲಿ, ನೆಟ್ಟಗೆ ಊರಿತ್ತು. ಎಣ್ಣೆ ಹತ್ತದ ಜಾಗ ಅದೊಂದೇ. ಧೂಳು ತುಂಬಿ ಒಣಗಿದ, ಹಿಡಿಯಲಿಕ್ಕೆಂದೇ ಮಾಡಿದಂತಿದ್ದ ಪಾದ.

ಹುಡುಗ ಹಿಡಿಯಲಿಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿದ.

ದೊಡ್ಡ ಗುರುಗಳಾದವರು ಆಗ ಏನು ಮಾಡುತ್ತಿದ್ದರೆಂದು ನನಗೆ ಗೊತ್ತು. ಬೂಕನಕೆರೆಯ ಜಗಲಿಯಲ್ಲಿ ಕೊಟ್ಟ ಮಾತನ್ನು ನೆನೆದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ನನಗೂ ಅದು ನೆನಪಿಗೆ ಬಂತು. ಸರಿಯಾಗಿ ಬಂತು. ಅದರ ಜೊತೆಗೇ ಜಗಲಿಯ ಮೇಲೆ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದ ನನ್ನ ಹೆಂಡತಿಯ ಮುಖವೂ ಕಂಡಿತು.

"ಕಾಲು!" ಎಂದು ಕೂಗಿದೆ.

ಕೈ ಹೋಯಿತು. ಮನಸ್ಸಿಗಿಂತ ಮೊದಲು ಹೋಯಿತು, ನಾನು ಕಲಿಸಿದ್ದಂತೆಯೇ. ಐದು ಬೆರಳೂ ಆ ಪಾದದ ಗಂಟಿನ ಮೇಲೆ ಕೂತವು. ಭಾವ ನಿಂತ. ಜನ ಹೋ ಎಂದರು, ನಾನು ಕಣ್ಣಾರೆ ನೋಡಿದೆ. ಮರುಕ್ಷಣ ಆ ಬೆರಳುಗಳು ಬಿಚ್ಚಿಕೊಂಡವು. ಕೈ ಭಾವನ ಪಾದವನ್ನು ಮುಟ್ಟಿದ್ದೇ ತಡ, ಬಿದ್ದಲ್ಲಿಂದಲೇ, ಮಣ್ಣು ಮೆತ್ತಿದ ಆ ಕೈಯನ್ನು ಹುಡುಗ ಎರಡು ಕಣ್ಣಿಗೂ ಒತ್ತಿಕೊಂಡ. ನನ್ನ ಎಂಟು ತಿಂಗಳ ತಾಲೀಮು ಕೈಯನ್ನು ಕಾಲಿನವರೆಗೆ ಕೊಂಡೊಯ್ದಿತು. ಅವನ ತಾಯಿಯ ಹದಿನೆಂಟು ವರ್ಷದ ತಾಲೀಮು ಅಲ್ಲಿಂದ ಕಣ್ಣಿಗೆ.

ಭಾವ ಒಂದು ಹೆಜ್ಜೆ ಇಟ್ಟು ಗೆರೆಯ ಆಚೆ ನಿಂತಿದ್ದ.

ಆಮೇಲಿನದು ಗದ್ದಲ. ಅಳಿಯ ಓಡಿ ಬಂದು ಭಾಮೈದನನ್ನು ಎಬ್ಬಿಸಿ, ತಬ್ಬಿ, ಅವನಿಗೂ ಅರ್ಧ ಎಣ್ಣೆ ಮೆತ್ತಿ, "ನೋಡ್ರಲಾ, ಆಟ್ದಾಗೂ ಮರ್ವಾದೆ ಬುಡ್ನಿಲ್ಲ ಕಣ್ರಲಾ ನನ್ ಬಾಮೈದ!" ಎಂದು ಊರಿಗೆಲ್ಲ ಸಾರಿದ. ನಾಗಮಂಗಲದ ಮೇಷ್ಟ್ರು ಕುಂಟುತ್ತ ನನ್ನ ಬಳಿ ಬಂದರು.

"ಹುಡುಗನನ್ನ ಬಹಳ ಚೆನ್ನಾಗಿ ತಯಾರು ಮಾಡಿದೀರಿ," ಎಂದರು. ವ್ಯಂಗ್ಯವಿರಲಿಲ್ಲ. "ಬೇರೆ ಯಾರನ್ನ ಕಳಿಸಿದ್ರೂ ಹಿಡೀತಿದ್ದ."

"ಅವರು ಭಾವ ಭಾಮೈದ ಅಂತ ನಿಮಗೆ ಮೊದಲೇ ಗೊತ್ತಿತ್ತೇ?"

"ನಾನು ಹುಡುಗರನ್ನ ತಂಡಕ್ಕೆ ಸೇರಿಸಿಕೊಳ್ಳೋ ಮುಂಚೆ ಅವರ ಮನೆಗೆ ಹೋಗಿ ಒಂದು ಹೊತ್ತು ಊಟ ಮಾಡ್ತೀನಿ. ಅವನ ಮದುವೆಯಲ್ಲೂ ಊಟ ಮಾಡಿದೀನಿ. ಅಲ್ಲಿ ನಿಮ್ಮ ಹುಡುಗ ಭಾವನ ಕಾಲು ತೊಳೆದಿದ್ದ." ಅವರು ಬಗ್ಗದ ಕಾಲನ್ನು ಸರಿಮಾಡಿಕೊಂಡರು. "ಅವನು ನಿಮ್ಮನ್ನ ಒಂದು ಸಲ ನೋಡಿದ. ನೀವು ಕೂಗದೇ ಇದ್ದಿದ್ರೆ ಏನಾಗ್ತಿತ್ತೋ, ಹೇಳಬರೋದಿಲ್ಲ."

ಈ ಮಾತಿನ ಅರ್ಥವೇನೆಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ಸುಮ್ಮನಿದ್ದಿದ್ದರೆ ಅವನೇ ಇನ್ನೊಂದು ಸಲ ಎದ್ದು ಸೊಂಟಕ್ಕೆ ಬೀಳುತ್ತಿದ್ದನೋ ಏನೋ. ಭಾವನ ಉಸಿರಂತೂ ಮುಗಿದಿತ್ತು. ನನಗೆ ತಿಳಿಯದು.

ಹುಡುಗ ಬಂದು ನನ್ನ ಮುಂದೆ ನಿಂತ. ಕಣ್ಣ ಸುತ್ತ ಮಣ್ಣು, ಅದರ ಮೇಲೆ ನೀರಿನ ಗೆರೆ.

"ಕೈ ತಾನಾಗೇ ಓಯ್ತು ಸಾ."

ಒಳ್ಳೆಯ ಮಾತು ಹೇಳಿದೆ ಎಂದು ಇಲ್ಲಿ ಬರೆಯಬಹುದು, ಕೇಳುವವರಿಲ್ಲ. ನಾನು ಹೇಳಿದ್ದು, "ಮೈದಾನ ಮೂರು ಸುತ್ತು ಹೋಗು," ಎಂದು. ಅವನು ಹೋದ. ಜನ ಕರಗಿ, ಅಮಲ್ದಾರರು ಕಪ್ಪು ಕೊಟ್ಟು, ಗಾಡಿಗಳು ಹೊರಡುವವರೆಗೂ ಆ ಹುಡುಗ ಒಬ್ಬನೇ ಮೈದಾನ ಸುತ್ತುತ್ತಿದ್ದ. ನಾನು ನಿಲ್ಲಿಸಲಿಲ್ಲ. ಮೂರು ಸುತ್ತು ಮುಗಿದ ಮೇಲೂ ಅವನು ನಿಲ್ಲಲಿಲ್ಲ.

ಒಂದು ತಿಂಗಳ ಮೇಲೆ ಸಂತೆಯಲ್ಲಿ ಅವನ ತಾಯಿ ಸಿಕ್ಕಳು.

"ಮಗ್ಳುನ್ನ ಕಳ್ಸವ್ರೆ ಮೇಷ್ಟ್ರೇ. ಬಾಮೈದ ಮರ್ವಾದಸ್ತ ಅಂತ ಅಳಿಯ ಬೋ ಕುಸಿಯಾಗವ್ರೆ."

"ಒಳ್ಳೇದಾಯ್ತು ತಾಯಿ."

ಅವಳು ಮೆಣಸಿನಕಾಯಿ ಗುಡ್ಡೆಯ ಮುಂದೆ ಕೂತಳು. ನನ್ನ ಕಡೆ ನೋಡದೆ, "ನೀವು ಕೂಗುದ್ರಂತೆ," ಎಂದಳು.

"ಕೂಗಿದೆ."

"ಊಂ," ಎಂದಳು. ಒಂದು ಕಾಯಿ ಮುರಿದು ಘಾಟು ನೋಡಿದಳು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಅವಳು ಮಾರುವವನನ್ನು ಬೆಲೆ ಕೇಳತೊಡಗಿದಳು.

ಹೆಡ್ಮೇಷ್ಟ್ರು ಪಟ್ಟಿ ಕಳಿಸಿದರು. ಬೇಸಿಗೆ ರಜ ಕಳೆದು ಶಾಲೆ ತೆರೆದಾಗ ಡ್ರಿಲ್ ಮೇಷ್ಟ್ರ ಹುದ್ದೆ ಇರಲಿಲ್ಲ. ವಿಷಲನ್ನು ಆಫೀಸಿಗೆ ಒಪ್ಪಿಸಿದೆ. ನಾನೂ ನನ್ನ ಹೆಂಡತಿಯೂ ಹಿರೋಡೆಗೆ ಹೋಗಿ ಅಣ್ಣನ ಮನೆಯ ಹಜಾರದಲ್ಲಿ ಏಳು ವರ್ಷ ಇದ್ದೆವು.